ಡಯಾಲಿಸಿಸ್‌ನಲ್ಲಿರುವವರ ಸ್ನಾಯು ಕರಗದಂತೆ ನೋಡಿಕೊಳ್ಳುವುದು ಹೇಗೆ: ಮನೆಯವರಿಗೊಂದು ಸಮಗ್ರ ಮಾರ್ಗದರ್ಶಿ

ಆಯಿಯ, ಅಂದರೆ ನನ್ನ ತಾಯಿಯ, ಎಡಗೈಯಲ್ಲಿ ಫಿಸ್ಟುಲಾ (ಡಯಾಲಿಸಿಸ್ ಸೂಜಿ ಚುಚ್ಚಲು ರಕ್ತನಾಳಗಳನ್ನು ಜೋಡಿಸಿ ಮಾಡಿದ ಜಾಗ) ಇರುವುದರಿಂದ ಆ ಕೈಗೆ ಬಳೆ ಇಲ್ಲ. ಬಲಗೈಯಲ್ಲಿ ನಾಲ್ಕು ಹಸಿರು ಗಾಜಿನ ಬಳೆಗಳಿವೆ. ಒಂದು ಬೆಳಿಗ್ಗೆ ಅವಳು ಮೇಲಿನ ನಾಗಂದಿಗೆಯಿಂದ ಡಬ್ಬಿ ಇಳಿಸಲು ಕೈ ಎತ್ತಿದಾಗ ನಾಲ್ಕೂ ಬಳೆಗಳು ಸರ್ರನೆ ಮೊಣಕೈ ದಾಟಿ ಜಾರಿದವು. ಅದೇ ಬಳೆಗಳು ಹಿಂದಿನ ವರ್ಷ ಮುಂಗೈ ದಾಟಿ ಮೇಲೇರುತ್ತಿರಲಿಲ್ಲ. ನಾನು ಆಸ್ಪತ್ರೆಯ ಕಾರ್ಡು ತೆಗೆದು ನೋಡಿದೆ. ಒಂದು ವರ್ಷದಿಂದ ಡಯಾಲಿಸಿಸ್‌ನ ಪ್ರತಿ ಸರದಿಯ ನಂತರವೂ ತೂಕ 52 ಕಿಲೋ. ಒಂದು ಗ್ರಾಂ ಕೂಡ ಇಳಿದಿಲ್ಲ ಎಂದು ಸಮಾಧಾನಪಟ್ಟುಕೊಂಡೆ. ಆ ಸಮಾಧಾನ ತಪ್ಪಾಗಿತ್ತು.

ಇನ್ನೊಂದು ತಪ್ಪೂ ಆಗಿತ್ತು. ಕಿಡ್ನಿ ಹೊರಹಾಕಬೇಕಾದ ಕಲ್ಮಶಗಳಲ್ಲಿ ಕ್ರಿಯಾಟಿನಿನ್ ಒಂದು. ಅದೇ ವರ್ಷ ಆಯಿಯ ರಕ್ತದಲ್ಲಿ ಅದು 9.4ರಿಂದ 6.8ಕ್ಕೆ ಇಳಿದಿತ್ತು. ಕಿಡ್ನಿ ಸುಧಾರಿಸುತ್ತಿದೆ ಎಂದುಕೊಂಡು ಇಡಗುಂಜಿಗೆ ಹೋಗಿ ಪಂಚಕಜ್ಜಾಯ ಮಾಡಿಸಿ ಬಂದೆವು. ಕ್ರಿಯಾಟಿನಿನ್ ಹುಟ್ಟುವುದೇ ಸ್ನಾಯುವಿನಲ್ಲಿ ಎಂಬುದು ನಮಗೆ ಆಗ ಗೊತ್ತಿರಲಿಲ್ಲ. ಸ್ನಾಯು ಕರಗಿದರೆ ಅದು ಹುಟ್ಟುವುದೂ ಕಡಿಮೆಯಾಗುತ್ತದೆ. ಮೂತ್ರದ ಪ್ರಮಾಣ ಹೆಚ್ಚಾಗದೆ, ಡಯಾಲಿಸಿಸ್‌ನ ಅವಧಿಯೂ ಹೆಚ್ಚಾಗದೆ ಈ ಸಂಖ್ಯೆ ತಿಂಗಳಿಂದ ತಿಂಗಳಿಗೆ ಇಳಿಯುತ್ತಿದ್ದರೆ ಅದನ್ನು ಶುಭಸುದ್ದಿ ಎಂದುಕೊಳ್ಳಬೇಡಿ, ವೈದ್ಯರನ್ನು ಕೇಳಿ. ಮೂತ್ರ ನಿಜವಾಗಿಯೂ ಹೆಚ್ಚುತ್ತಿದ್ದರೆ ಅದನ್ನೂ ಹೇಳಿ, ಏಕೆಂದರೆ ಕೆಲವರಲ್ಲಿ ಕಿಡ್ನಿ ಸ್ವಲ್ಪ ಚೇತರಿಸಿಕೊಳ್ಳುವುದುಂಟು.

ನಾನು ವೈದ್ಯಳಲ್ಲ. ಹೊನ್ನಾವರ ತಾಲ್ಲೂಕಿನ ಹಳ್ಳಿಯೊಂದರಿಂದ ಆಯಿಯನ್ನು ಕರೆದುಕೊಂಡು ವರ್ಷಗಟ್ಟಲೆ ಡಯಾಲಿಸಿಸ್ ಕೋಣೆಯ ಹೊರಗಿನ ಬೆಂಚಿನಲ್ಲಿ ಕುಳಿತವಳು. ಮೂತ್ರಪಿಂಡ ತಜ್ಞರು, ಆಹಾರ ತಜ್ಞೆ, ಫಿಸಿಯೊಥೆರಪಿಸ್ಟ್ ಕಲಿಸಿದ್ದನ್ನು ಮನೆಯಲ್ಲಿ ಮಾಡಿ ನೋಡಿದ ಕ್ರಮದಲ್ಲಿಯೇ ಬರೆದಿದ್ದೇನೆ. ಇಲ್ಲಿರುವ ಯಾವ ಬದಲಾವಣೆಯನ್ನೂ ನಿಮ್ಮ ವೈದ್ಯರಿಗೆ ತಿಳಿಸದೆ ಮಾಡಬೇಡಿ. ಪೊಟ್ಯಾಶಿಯಂ, ಸಕ್ಕರೆ, ಹೃದಯದ ಸ್ಥಿತಿ ಒಬ್ಬೊಬ್ಬರದು ಒಂದೊಂದು ರೀತಿ.

ಸ್ನಾಯು ಏಕೆ ಕರಗುತ್ತದೆ

ಕಾರಣ ಒಂದೇ ಆಗಿರುವುದಿಲ್ಲ. ಯಂತ್ರದ ಮೂಲಕ ರಕ್ತ ಶುದ್ಧವಾಗುವಾಗ ಕಲ್ಮಶದ ಜೊತೆಗೆ ಪ್ರೋಟೀನಿನ ಘಟಕಗಳಾದ ಅಮೈನೋ ಆಮ್ಲಗಳೂ ಹೊರಗೆ ಹೋಗುತ್ತವೆ, ಒಂದು ಸರದಿಗೆ ಸುಮಾರು 6ರಿಂದ 12 ಗ್ರಾಂ. ರಕ್ತದಲ್ಲಿ ಆಮ್ಲೀಯತೆ ಹೆಚ್ಚಾದರೆ ದೇಹ ತನ್ನ ಸ್ನಾಯುವನ್ನೇ ಒಡೆದು ಬಳಸತೊಡಗುತ್ತದೆ. ಒಳಗೊಳಗೇ ಉಳಿದ ಸೋಂಕು, ಉರಿಯೂತ, ಸಕ್ಕರೆ ಕಾಯಿಲೆ ಇದಕ್ಕೆ ಕೈಜೋಡಿಸುತ್ತವೆ. ಬಾಯಿ ರುಚಿ ಕೆಟ್ಟು ಊಟ ಸೇರುವುದಿಲ್ಲ. ಡಯಾಲಿಸಿಸ್ ಆದ ದಿನ ಸುಸ್ತಿನಿಂದ ಮಲಗುತ್ತಾರೆ, ಮರುದಿನವೂ ಮಲಗಿಯೇ ಇರುತ್ತಾರೆ. ಮಲಗಿದಷ್ಟೂ ತೊಡೆಯ ಸ್ನಾಯು ಬೇಗ ಹೋಗುತ್ತದೆ.

ಇಷ್ಟರ ಮೇಲೆ ನಮ್ಮ ಮನೆಗಳಲ್ಲಿ ನಡೆಯುವ ಒಂದು ಪ್ರಮಾದವಿದೆ. ಈ ಬರಹದಲ್ಲಿ ಒಂದೇ ಒಂದು ವಿಷಯ ನಿಮ್ಮ ಮನಸ್ಸಿನಲ್ಲಿ ಉಳಿಯುವುದಾದರೆ ಅದು ಇದಾಗಲಿ. ಡಯಾಲಿಸಿಸ್ ಶುರುವಾಗುವ ಮೊದಲು ಕಿಡ್ನಿಯ ಭಾರ ಇಳಿಸಲು ಪ್ರೋಟೀನ್ ಕಡಿಮೆ ಮಾಡಿ ಎಂದು ಹೇಳಿರುತ್ತಾರೆ, ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 0.6 ಗ್ರಾಂ ಆಸುಪಾಸು. ಡಯಾಲಿಸಿಸ್ ಶುರುವಾದ ದಿನ ಆ ನಿಯಮ ತಿರುವುಮುರುವಾಗುತ್ತದೆ. 2020ರಲ್ಲಿ ಪರಿಷ್ಕೃತವಾದ ಕಿಡ್ನಿ ರೋಗಿಗಳ ಆರೈಕೆಗೆಂದು ಇರುವ ಅಮೆರಿಕದ ಕೆ.ಡಿ.ಒ.ಕ್ಯು.ಐ. ಮಾರ್ಗಸೂಚಿ ಡಯಾಲಿಸಿಸ್‌ನಲ್ಲಿರುವವರಿಗೆ ಪ್ರತಿ ಕಿಲೋಗೆ 1.0ರಿಂದ 1.2 ಗ್ರಾಂ ಪ್ರೋಟೀನ್ ಬೇಕು ಎನ್ನುತ್ತದೆ, ಹೆಚ್ಚುಕಡಿಮೆ ಎರಡು ಪಟ್ಟು. ಅಡುಗೆಮನೆಯ ಬಾಗಿಲಿಗೆ ಅಂಟಿಸಿದ ಹಳೆಯ ಚೀಟಿ ಮಾತ್ರ ಹಾಗೆಯೇ ಉಳಿದಿರುತ್ತದೆ. ನಮ್ಮ ಮನೆಯಲ್ಲಿ ಅದು ಹದಿನಾಲ್ಕು ತಿಂಗಳು ಉಳಿದಿತ್ತು. ‘ಬೇಳೆ ಬೇಡ’ ಎಂದು ನನ್ನ ಕೈಯಲ್ಲೇ ಬರೆದ ಚೀಟಿ. ಪ್ರೀತಿಯಿಂದಲೇ ಅವಳನ್ನು ಅರೆಹೊಟ್ಟೆಯಲ್ಲಿಟ್ಟಿದ್ದೆ. ನಿಮ್ಮ ಮನೆಯಲ್ಲಿ ಅಂಥ ಚೀಟಿ ಇದ್ದರೆ ಇವತ್ತೇ ಕಿತ್ತು, ಹೊಸದನ್ನು ಆಹಾರ ತಜ್ಞರಿಂದ ಬರೆಸಿಕೊಳ್ಳಿ.

ಮೊದಲ ಹೆಜ್ಜೆ: ತಕ್ಕಡಿಯನ್ನು ನಂಬಿ ಕೂರದೆ ಸ್ನಾಯುವನ್ನೇ ಅಳೆಯಿರಿ

ಬೇಕಾಗುವುದು ಕೈಯಿಲ್ಲದ ಒಂದು ಕುರ್ಚಿ, ದರ್ಜಿಯ ಟೇಪು, ಮೊಬೈಲ್‌ನಲ್ಲಿರುವ ಗಡಿಯಾರ ಮತ್ತು ಒಂದು ನೋಟುಪುಸ್ತಕ. ಅಳೆಯುವ ದಿನ ಡಯಾಲಿಸಿಸ್‌ನ ಮರುದಿನವಾಗಿರಲಿ. ಆಗ ಮೈಯಲ್ಲಿ ನೀರು ಕಡಿಮೆ ಇರುತ್ತದೆ, ಸುಸ್ತೂ ಇಳಿದಿರುತ್ತದೆ.

ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ. ರೋಗಿ ಎರಡೂ ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು, ಎಲ್ಲಿಯೂ ಊರದೆ, ಐದು ಬಾರಿ ಪೂರ್ತಿ ಎದ್ದು ಕೂರಬೇಕು. ನೀವು ಪಕ್ಕದಲ್ಲೇ ನಿಂತು ಸಮಯ ನೋಡಿ. ಏಷ್ಯಾದ ತಜ್ಞರ ತಂಡ 2019ರಲ್ಲಿ ಒಪ್ಪಿಕೊಂಡ ಅಳತೆಯ ಪ್ರಕಾರ 12 ಸೆಕೆಂಡ್ ಅಥವಾ ಹೆಚ್ಚು ಹಿಡಿದರೆ ಕಾಲಿನ ಬಲ ಕುಂದಿದೆ ಎಂದರ್ಥ. ಆಯಿಗೆ ಮೊದಲ ಸಲ 24 ಸೆಕೆಂಡ್ ಹಿಡಿಯಿತು. ನಾಲ್ಕನೆಯ ಸಲ ಎದ್ದವಳು ನನ್ನ ಭುಜ ಹಿಡಿದುಕೊಂಡು, “ಕೂಸೇ, ಇಷ್ಟು ಸಾಕು” ಎಂದಳು. ಅದನ್ನೂ ಹಾಗೆಯೇ ಬರೆದಿಟ್ಟೆ.

ಆಮೇಲೆ ಮೀನಖಂಡ. ಕುರ್ಚಿಯಲ್ಲಿ ಕೂರಿಸಿ, ಪಾದ ನೆಲಕ್ಕೆ ಸಮವಾಗಿ ಊರಿಸಿ, ಮೀನಖಂಡ ಅತಿ ದಪ್ಪ ಇರುವಲ್ಲಿ ಟೇಪನ್ನು ಬಿಗಿಯದೆ ಸುತ್ತಿ. ಅದೇ ತಂಡದ ಪ್ರಕಾರ ಗಂಡಸರಲ್ಲಿ 34 ಸೆಂಟಿಮೀಟರ್, ಹೆಂಗಸರಲ್ಲಿ 33 ಸೆಂಟಿಮೀಟರ್‌ಗಿಂತ ಕಡಿಮೆಯಿದ್ದರೆ ಎಚ್ಚರ ಬೇಕು. ಕಾಲಿನಲ್ಲಿ ಬಾವು ಇದ್ದರೆ ಈ ಅಳತೆ ಮೋಸ ಮಾಡುತ್ತದೆ. ಬೆರಳಿನಿಂದ ಒತ್ತಿದಾಗ ಗುಳಿ ಬೀಳುತ್ತಿದ್ದರೆ ಅದನ್ನು ಪಕ್ಕದಲ್ಲಿ ಬರೆದಿಡಿ. ಒಂದು ಸಲದ ಸಂಖ್ಯೆಗಿಂತ ತಿಂಗಳಿಂದ ತಿಂಗಳಿಗೆ ಅದು ಯಾವ ಕಡೆ ಹೋಗುತ್ತಿದೆ ಎಂಬುದು ಹೆಚ್ಚು ಹೇಳುತ್ತದೆ.

ಕೈಹಿಡಿತ ಅಳೆಯುವ ಉಪಕರಣ ಫಿಸಿಯೊಥೆರಪಿ ವಿಭಾಗಗಳಲ್ಲಿ ಇರುತ್ತದೆ. ಗಂಡಸರಿಗೆ 28 ಕಿಲೋ, ಹೆಂಗಸರಿಗೆ 18 ಕಿಲೋ ಅದರ ಗಡಿ. ಅದು ಸಿಗದಿದ್ದರೆ ಮನೆಯ ಕೆಲಸಗಳನ್ನೇ ಗಮನಿಸಿ. ಬಾಟಲಿಯ ಮುಚ್ಚಳ ತಿರುಗಿಸಲು ಬೇರೆಯವರನ್ನು ಕರೆಯುತ್ತಾರೆಯೇ, ಒದ್ದೆ ಬಟ್ಟೆ ಹಿಂಡಲು ಆಗುತ್ತದೆಯೇ, ಬಸ್ಸಿನ ಮೆಟ್ಟಿಲು ಹತ್ತುವಾಗ ಕಂಬಿಯನ್ನು ಎಳೆದುಕೊಂಡು ಹತ್ತುತ್ತಾರೆಯೇ ಎಂಬುದನ್ನು ತಿಂಗಳಿಗೊಮ್ಮೆ ಬರೆಯಿರಿ.

ಎರಡನೆಯ ಹೆಜ್ಜೆ: ‘ಡ್ರೈ ವೇಟ್’ ಬಗ್ಗೆ ಬಾಯಿಬಿಟ್ಟು ಕೇಳಿ

ಡಯಾಲಿಸಿಸ್ ಮುಗಿದಾಗ ದೇಹದಲ್ಲಿ ಹೆಚ್ಚುವರಿ ನೀರು ಇಲ್ಲದಿರುವ ತೂಕವನ್ನು ಡ್ರೈ ವೇಟ್ ಎನ್ನುತ್ತಾರೆ. ತಂತ್ರಜ್ಞರು ಆ ಸಂಖ್ಯೆಯನ್ನು ಗುರಿಯಾಗಿಟ್ಟುಕೊಂಡು ನೀರು ತೆಗೆಯುತ್ತಾರೆ. ಸ್ನಾಯು ಮೂರು ಕಿಲೋ ಕರಗಿದರೂ ಗುರಿ 52 ಎಂದೇ ಉಳಿದರೆ ಏನಾಗುತ್ತದೆ? ಕರಗಿದ ಮೂರು ಕಿಲೋ ಜಾಗದಲ್ಲಿ ನೀರು ಉಳಿಯುತ್ತದೆ. ತಕ್ಕಡಿ 52 ಎನ್ನುತ್ತದೆ, ಎದೆಯಲ್ಲಿ ಉಬ್ಬಸ ಶುರುವಾಗುತ್ತದೆ, ರಾತ್ರಿ ಎರಡು ದಿಂಬು ಬೇಕಾಗುತ್ತದೆ, ರಕ್ತದೊತ್ತಡ ಮಾತ್ರೆಗೆ ಬಗ್ಗುವುದಿಲ್ಲ. ಆಯಿಗೆ ಇದೆಲ್ಲವೂ ಆಗಿತ್ತು. ಬಳೆ ಜಾರಿದ್ದನ್ನು, ರಾತ್ರಿಯ ಉಬ್ಬಸವನ್ನು ಹೇಳಿದ ಮೇಲೆ ವೈದ್ಯರು ನಾಲ್ಕು ವಾರಗಳಲ್ಲಿ ಹಂತಹಂತವಾಗಿ ಗುರಿಯನ್ನು 48.5ಕ್ಕೆ ಇಳಿಸಿದರು. ಉಬ್ಬಸ ಹೋಯಿತು. ಕನ್ನಡಿಯಲ್ಲಿ ಮಾತ್ರ ಅವಳು ಇದ್ದಕ್ಕಿದ್ದಂತೆ ಬಡಕಲಾಗಿ ಕಂಡಳು. ನಿಜವಾಗಿ ಅವಳು ಬಡಕಲಾಗಿ ಒಂದು ವರ್ಷವಾಗಿತ್ತು.

ಅಲ್ಲಿ ಕೇಳಬೇಕಾದ ಪ್ರಶ್ನೆ ಸರಳ: “ಇವರ ಡ್ರೈ ವೇಟ್ ಕೊನೆಯದಾಗಿ ಮರುಪರಿಶೀಲಿಸಿದ್ದು ಯಾವಾಗ? ಕಾಲಿನ ಅಳತೆ ಇಷ್ಟು ಇಳಿದಿದೆ.” ನೋಟುಪುಸ್ತಕ ತೋರಿಸಿ. ದಿನಕ್ಕೆ ಹಲವು ಪಾಳಿ ನಡೆಸುವ ಸಿಬ್ಬಂದಿಗೆ ಬರವಣಿಗೆಯಲ್ಲಿರುವ ಸಂಖ್ಯೆ ಸಹಾಯವೇ ಆಗುತ್ತದೆ.

ಮೂರನೆಯ ಹೆಜ್ಜೆ: ತಟ್ಟೆಯನ್ನು ಲೆಕ್ಕ ಹಾಕಿ

50 ಕಿಲೋ ತೂಕದವರಿಗೆ ದಿನಕ್ಕೆ 50ರಿಂದ 60 ಗ್ರಾಂ ಪ್ರೋಟೀನ್ ಬೇಕು. ಜೊತೆಗೆ ಕಿಲೋಗೆ 25ರಿಂದ 35 ಕ್ಯಾಲೊರಿ, ಅಂದರೆ 1,500 ಆಸುಪಾಸು. ಕ್ಯಾಲೊರಿ ಸಾಲದಿದ್ದರೆ ತಿಂದ ಪ್ರೋಟೀನನ್ನೂ ದೇಹ ಸೌದೆಯಂತೆ ಉರಿಸಿಬಿಡುತ್ತದೆ. ಆದ್ದರಿಂದ ಅನ್ನ, ಎಣ್ಣೆ, ತುಪ್ಪಕ್ಕೆ ಹೆದರಬೇಡಿ. ಸಕ್ಕರೆ ಕಾಯಿಲೆ ಇದ್ದವರು ಪ್ರಮಾಣವನ್ನು ಕೇಳಿಕೊಳ್ಳಿ.

ಕರಾವಳಿಯಲ್ಲಿ ಮೀನು ತಿನ್ನುವವರಿಗೆ ದಾರಿ ಸಲೀಸು. ಮಧ್ಯಮ ಗಾತ್ರದ ಒಂದು ಬಂಗುಡೆಯಲ್ಲಿ ತಲೆ, ಮುಳ್ಳು ಕಳೆದು 60-70 ಗ್ರಾಂ ಮಾಂಸ ಉಳಿದರೆ ಅದರಲ್ಲಿ ಸುಮಾರು 12 ಗ್ರಾಂ ಪ್ರೋಟೀನ್ ಇರುತ್ತದೆ. ಒಂದು ಮೊಟ್ಟೆಯಲ್ಲಿ 6 ಗ್ರಾಂ, ಬರೀ ಬಿಳಿಭಾಗದಲ್ಲಿ 3.5 ಗ್ರಾಂ. ಕೆಟ್ಟ ಕಿಡ್ನಿ ಹೊರಹಾಕಲಾರದ ರಂಜಕ (ಫಾಸ್ಫರಸ್) ಇರುವುದು ಹೆಚ್ಚಾಗಿ ಹಳದಿ ಭಾಗದಲ್ಲಿ. ಹಾಗಾಗಿ ರಂಜಕ ಏರಿರುವವರಿಗೆ ಬಿಳಿಭಾಗ ಒಳ್ಳೆಯ ಆಯ್ಕೆ. ಮುಳ್ಳುಸಹಿತ ಅಗಿಯುವ ಸಣ್ಣ ಮೀನುಗಳಲ್ಲಿ ರಂಜಕ ಜಾಸ್ತಿ. ಮುಳ್ಳು ಬಿಡಿಸಿಯೇ ತಿನ್ನಿ.

ಒಣಮೀನಿನ ಬಗ್ಗೆ ನಿಷ್ಠುರವಾಗಿ ಹೇಳಬೇಕು. ಆಯಿಯ ಪಕ್ಕದ ಹಾಸಿಗೆಗೆ ತದಡಿಯಿಂದ ಬರುತ್ತಿದ್ದ ಮೀನುಗಾರ ಅಜ್ಜನೊಬ್ಬ ಮಳೆಗಾಲ ಬಂತೆಂದರೆ ಎರಡು ಸರದಿಗಳ ನಡುವೆ ನಾಲ್ಕೈದು ಕಿಲೋ ನೀರು ತುಂಬಿಕೊಂಡು ಬರುತ್ತಿದ್ದ. ಜೂನ್, ಜುಲೈನಲ್ಲಿ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವುದಿಲ್ಲ, ಮನೆಯಲ್ಲಿ ಒಣಮೀನೇ ಆಸರೆ. ಒಣಮೀನಿನ ಉಪ್ಪಿಗೆ ಬಾಯಾರಿಕೆ, ಬಾಯಾರಿಕೆಗೆ ನೀರು, ಅಷ್ಟೊಂದು ನೀರು ತೆಗೆಯುವಾಗ ಒತ್ತಡ ಕುಸಿದು ಸ್ನಾಯು ಸೆಳೆತ, ಮನೆಗೆ ಬಂದು ಎರಡು ದಿನ ಮಲಗುವುದು. ಅವನ ಸೊಸೆ ಆ ಎರಡು ತಿಂಗಳು ಮೊಟ್ಟೆ, ಕೋಳಿಗೆ ಬದಲಾಯಿಸಿದ ಮೇಲೆ ಮೈಯಲ್ಲಿ ತುಂಬುವ ನೀರು ಅರ್ಧಕ್ಕಿಳಿಯಿತು.

ನಾವು ಸಸ್ಯಾಹಾರಿಗಳು. ಶಿರಸಿ, ಸಿದ್ದಾಪುರದ ಕಡೆಯ ಅನೇಕ ಮನೆಗಳಂತೆ ನಮ್ಮಲ್ಲೂ ಊಟ ಎಂದರೆ ಅನ್ನ, ತಂಬುಳಿ, ಒಂದು ಪಲ್ಯ, ಮಜ್ಜಿಗೆ. ಹೊಟ್ಟೆ ತುಂಬುತ್ತದೆ, ಪ್ರೋಟೀನ್ 30 ಗ್ರಾಂ ದಾಟುವುದೂ ಕಷ್ಟ. ಆಹಾರ ತಜ್ಞೆಯ ಜೊತೆ ಕುಳಿತು ಆಯಿಗೆ ಬರೆದುಕೊಂಡ ದಿನಚರಿ ಹೀಗಿದೆ. ಬೆಳಿಗ್ಗೆ ಎರಡು ಉದ್ದಿನ ದೋಸೆ, 30 ಗ್ರಾಂ ಹೆಸರುಕಾಳಿನ ಉಸಲಿ, ಒಟ್ಟು 13 ಗ್ರಾಂ. ಮಧ್ಯಾಹ್ನ ಅನ್ನದ ಜೊತೆ ಗಟ್ಟಿಯಾದ ತೊವ್ವೆ, ಅರ್ಧ ಬಟ್ಟಲು ಮೊಸರು, ಒಟ್ಟು 16. ಸಂಜೆ ಅರ್ಧ ಲೋಟ ಹಾಲು, 3. ರಾತ್ರಿ ಎರಡು ಚಪಾತಿ, 50 ಗ್ರಾಂ ಪನೀರ್, 15. ಇವುಗಳ ಜೊತೆ ಯಾವುದಾದರೂ ಒಂದು ಹೊತ್ತಿಗೆ 20 ಗ್ರಾಂ ಸೋಯಾ ತುಂಡು ಬೇಯಿಸಿ, ನೀರು ಹಿಂಡಿ ಪಲ್ಯಕ್ಕೆ ಹಾಕಿದರೆ 10. ಒಟ್ಟು 57 ಗ್ರಾಂ. ಕಾಳು, ಬೇಳೆಗಳನ್ನು ನೆನೆಸಿ, ಬೇಯಿಸಿದ ಮೊದಲ ನೀರನ್ನು ಚೆಲ್ಲಿದರೆ ಪೊಟ್ಯಾಶಿಯಂ ಸಾಕಷ್ಟು ಇಳಿಯುತ್ತದೆ. ತರಕಾರಿಗೂ ಇದೇ ಕ್ರಮ. ಧಾನ್ಯ, ಕಾಳುಗಳಲ್ಲಿರುವ ರಂಜಕವನ್ನು ಕರುಳು ಪೂರ್ತಿ ಹೀರಿಕೊಳ್ಳುವುದಿಲ್ಲ. ಪೊಟ್ಟಣದ ತಿಂಡಿ, ಕೋಲಾಗಳಿಗೆ ಸೇರಿಸಿದ ರಂಜಕ ಮಾತ್ರ ಹೆಚ್ಚುಕಡಿಮೆ ಪೂರ್ತಿ ರಕ್ತ ಸೇರುತ್ತದೆ. ಬೇಳೆ ಬಿಡುವ ಮೊದಲು ಅವುಗಳನ್ನು ಬಿಡಿ. ರಂಜಕ ತಡೆಯಲು ಕೊಟ್ಟ ಮಾತ್ರೆ ಊಟದ ಜೊತೆಯಲ್ಲೇ ಹೊಟ್ಟೆಗೆ ಹೋಗಬೇಕು. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಅದು ತನ್ನ ಕೆಲಸ ಮಾಡುವುದಿಲ್ಲ.

ಎಳನೀರು ನಮ್ಮ ಕಡೆ ಕಾಯಿಲೆಯವರಿಗೆ ಒಯ್ಯುವ ಮೊದಲ ವಸ್ತು. ಸೊರಗಿದ ಆಯಿಯನ್ನು ನೋಡಿ ‘ಶಕ್ತಿ ಬರಲಿ’ ಎಂದು ನೆಂಟರು ಗೊನೆಯನ್ನೇ ತಂದಿಟ್ಟಿದ್ದರು. 300 ಮಿಲಿಲೀಟರ್ ಎಳನೀರಿನಲ್ಲಿ 600 ಮಿಲಿಗ್ರಾಂಗೂ ಹೆಚ್ಚು ಪೊಟ್ಯಾಶಿಯಂ ಇರಬಹುದು. ಡಯಾಲಿಸಿಸ್ ರೋಗಿಯ ಹೃದಯವನ್ನು ನಿಲ್ಲಿಸುವ ಸಾಮರ್ಥ್ಯ ಹೆಚ್ಚಾದ ಪೊಟ್ಯಾಶಿಯಂಗಿದೆ. ಬಾಗಿಲಲ್ಲೇ ಕೈಮುಗಿದು ಬೇಡ ಎನ್ನಿ. ಹಿತ್ತಲಲ್ಲಿ ಧಾರೆಹುಳಿ, ಅಂದರೆ ಕಮರಾಕ್ಷಿ ಮರವಿದ್ದರೆ ಅದರ ಹಣ್ಣನ್ನು ಗೊಜ್ಜಿಗೂ ಕೊಡಬೇಡಿ. ಅದರಲ್ಲಿರುವ ವಿಷವನ್ನು ಹೊರಹಾಕಲು ಕೆಟ್ಟ ಕಿಡ್ನಿಗೆ ಆಗುವುದಿಲ್ಲ. ಬಿಕ್ಕಳಿಕೆಯಿಂದ ಶುರುವಾಗಿ ಫಿಟ್ಸ್ ಬಂದು ಜೀವವೇ ಹೋದ ಉದಾಹರಣೆಗಳು ವೈದ್ಯಕೀಯ ದಾಖಲೆಗಳಲ್ಲಿವೆ.

ಡಯಾಲಿಸಿಸ್ ದಿನದ ಊಟವೇ ಹೆಚ್ಚು ತಪ್ಪುವುದು. ಬೆಳಿಗ್ಗೆ ಐದಕ್ಕೆ ಮನೆ ಬಿಟ್ಟು ಮಧ್ಯಾಹ್ನ ಎರಡಕ್ಕೆ ಮರಳುವವರು ಬಹಳ ಮಂದಿ. ಹೊರಡುವ ಮೊದಲು ಏನಾದರೂ ತಿನ್ನಿಸಿ, ಮುಗಿದ ತಕ್ಷಣ ತಿನ್ನಲು ಡಬ್ಬಿ ಒಯ್ಯಿರಿ: ಬೇಯಿಸಿದ ಮೊಟ್ಟೆಯ ಬಿಳಿಭಾಗ, ಪನೀರ್ ಚಪಾತಿ, ಇಡ್ಲಿ. ಸರದಿಯ ನಡುವೆಯೇ ತಿನ್ನಬಹುದೇ ಎಂಬುದನ್ನು ಕೇಂದ್ರದಲ್ಲಿ ಕೇಳಿ. ಒತ್ತಡ ಕುಸಿಯುವ ಅಭ್ಯಾಸವಿದ್ದವರಿಗೆ ಅದು ಆಗಿಬರುವುದಿಲ್ಲ.

ಹೊಟ್ಟೆಯ ಮೂಲಕ ಮನೆಯಲ್ಲೇ ಡಯಾಲಿಸಿಸ್ ಮಾಡಿಕೊಳ್ಳುವವರಿಗೆ ಒಂದು ಮಾತು. ಹೊರಬರುವ ದ್ರವದಲ್ಲಿ ಪ್ರತಿದಿನ ಪ್ರೋಟೀನ್ ಸೋರಿಹೋಗುತ್ತದೆ, ಹೊಟ್ಟೆಯ ಸೋಂಕಾದಾಗ ಇನ್ನೂ ಹೆಚ್ಚು. ಒಳಗೆ ಹಾಕುವ ದ್ರವದ ಗ್ಲೂಕೋಸ್‌ನಿಂದ ಮೈ ದಪ್ಪಗೆ ಕಂಡರೂ ಸ್ನಾಯು ಕರಗುತ್ತಿರಬಹುದು.

ನಾಲ್ಕನೆಯ ಹೆಜ್ಜೆ: ರಕ್ತಪರೀಕ್ಷೆಯಲ್ಲಿ ನೋಡಬೇಕಾದದ್ದು, ತಪ್ಪಿಸಬಾರದ ಸರದಿ

ವರದಿಯಲ್ಲಿ ಅಲ್ಬುಮಿನ್ ಎಂಬ ರಕ್ತದ ಪ್ರೋಟೀನ್ 3.8ಕ್ಕಿಂತ ಕೆಳಗಿದ್ದರೆ ಕಾರಣ ಕೇಳಿ. ಬರೀ ಊಟದ ಕೊರತೆಯಿಂದಷ್ಟೇ ಅದು ಇಳಿಯುವುದಿಲ್ಲ. ಡಯಾಲಿಸಿಸ್‌ಗೆಂದು ಕತ್ತಿಗೆ ಹಾಕಿದ ಕೊಳವೆಯ (ಕೆಥೆಟರ್) ಸೋಂಕು, ಹಲ್ಲಿನ ಬುಡದ ಕೀವು, ಕಾಲಿನ ಹುಣ್ಣು ಕೂಡ ಅದನ್ನು ಇಳಿಸುತ್ತವೆ. ಬೈಕಾರ್ಬೊನೇಟ್ 24ರಿಂದ 26ರ ನಡುವೆ ಇರುವಂತೆ ನೋಡಿಕೊಳ್ಳಬೇಕೆಂದು ಮಾರ್ಗಸೂಚಿ ಹೇಳುತ್ತದೆ. ಆಮ್ಲೀಯತೆಯ ಸುಳಿವು ಸಿಗುವುದು ಅಲ್ಲಿ. ಡಯಾಲಿಸಿಸ್ ಸಾಕಾಗುತ್ತಿದೆಯೇ ಎಂದೂ ಕೇಳಿ. ಕಲ್ಮಶ ಉಳಿದರೆ ಬಾಯಿಗೆ ಲೋಹದ ರುಚಿ ಬರುತ್ತದೆ, ಏನು ಮಾಡಿ ಬಡಿಸಿದರೂ ಸೇರುವುದಿಲ್ಲ. ವಾರಕ್ಕೆ ಎರಡೇ ಸರದಿ ಪಡೆಯುತ್ತಿರುವವರು ಇದನ್ನು ಮರೆಯದೆ ಕೇಳಬೇಕು. ಆಯಿಗೆ ಎರಡರಿಂದ ಮೂರಾದ ಮೇಲೆಯೇ ಹಸಿವು ಮರಳಿತು.

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಸರದಿ ತಪ್ಪುವುದಕ್ಕೆ ಮಳೆಯೇ ದೊಡ್ಡ ಕಾರಣ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ಮುಚ್ಚಿದ್ದು ಎಲ್ಲರಿಗೂ ನೆನಪಿದೆ. ದೇವಿಮನೆ, ಅರಬೈಲ್ ಘಟ್ಟಗಳಲ್ಲೂ ಮಣ್ಣು ಜಾರುತ್ತದೆ. ಮೇ ತಿಂಗಳಲ್ಲೇ ಎರಡು ಕೆಲಸ ಮಾಡಿಟ್ಟುಕೊಳ್ಳಿ. ರಸ್ತೆ ಮುಚ್ಚಿದರೆ ಘಟ್ಟ ದಾಟದೆ ತಲುಪಬಹುದಾದ ಇನ್ನೊಂದು ತಾಲ್ಲೂಕು ಆಸ್ಪತ್ರೆಯ ಕೇಂದ್ರ ಯಾವುದು, ಅಲ್ಲಿ ಒಂದು ಸರದಿಗೆ ಯಾವ ಕಾಗದಪತ್ರ ಬೇಕು ಎಂದು ವಿಚಾರಿಸಿ. ಸರದಿ ತಪ್ಪಿದರೆ ಆ ದಿನ ಏನು ತಿನ್ನಬೇಕು, ಎಷ್ಟು ನೀರು ಕುಡಿಯಬೇಕು ಎಂದು ವೈದ್ಯರಿಂದ ಬರೆಸಿಟ್ಟುಕೊಳ್ಳಿ. ದೊಡ್ಡ ತೊಂದರೆಗೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವಾ ಎಂದು ಓಡುವ ಜಿಲ್ಲೆ ನಮ್ಮದು. ಸುಸಜ್ಜಿತ ಆಸ್ಪತ್ರೆಗಾಗಿ ಇಲ್ಲಿನ ಜನ ಎತ್ತಿದ ದನಿ ಎಷ್ಟು ನ್ಯಾಯವಾದದ್ದು ಎಂಬುದು ಡಯಾಲಿಸಿಸ್ ಮನೆಯವರಿಗೆ ಬೇರೆ ಯಾರೂ ಹೇಳಬೇಕಾಗಿಲ್ಲ.

ಐದನೆಯ ಹೆಜ್ಜೆ: ಕಾಲಿಗೆ ಕೆಲಸ ಕೊಡಿ

ತಿಂದ ಪ್ರೋಟೀನ್ ಸ್ನಾಯುವಾಗಬೇಕಾದರೆ ಸ್ನಾಯುವಿಗೆ ಕೆಲಸ ಬೇಕು. ವ್ಯಾಯಾಮ ಶುರುಮಾಡುವ ಮೊದಲು ವೈದ್ಯರ ಒಪ್ಪಿಗೆ ಪಡೆಯಿರಿ. ಎದೆನೋವು, ಉಬ್ಬಸ, ಜ್ವರ ಇದ್ದರೆ, ಹಿಂದಿನ ಸರದಿ ತಪ್ಪಿದ್ದರೆ, ಮೇಲಿನ ರಕ್ತದೊತ್ತಡ 180 ದಾಟಿದ್ದರೆ ಆ ದಿನ ಬೇಡ. ಡಯಾಲಿಸಿಸ್ ಮುಗಿದ ಕೂಡಲೇ ಬೇಡ, ತಲೆ ಸುತ್ತಿ ಬೀಳುವ ಭಯವಿದೆ. ಇನ್ಸುಲಿನ್ ತೆಗೆದುಕೊಳ್ಳುವವರು ಮೊದಲು ಸಕ್ಕರೆ ನೋಡಿಕೊಳ್ಳಬೇಕು.

ಡಯಾಲಿಸಿಸ್ ಇಲ್ಲದ ದಿನ, ತಿಂಡಿಯಾದ ಒಂದು ಗಂಟೆಯ ಮೇಲೆ ನಾವು ಶುರುಮಾಡುತ್ತೇವೆ. ಮೊದಲು ಕುರ್ಚಿಯಿಂದ ಎದ್ದು ಕೂರುವುದು, ಐದರಂತೆ ಎರಡು ಸುತ್ತು, ನಡುವೆ ಎರಡು ನಿಮಿಷ ವಿರಾಮ. ಏಳಲು ಆಗದಿದ್ದರೆ ಕುರ್ಚಿಯ ಮೇಲೆ ದಿಂಬಿಟ್ಟು ಎತ್ತರ ಮಾಡಿ. ಕಾಲು ಗಟ್ಟಿಯಾದಂತೆ ದಿಂಬು ತೆಗೆಯಿರಿ. ವಾರಕ್ಕೊಂದರಂತೆ ಹೆಚ್ಚಿಸುತ್ತಾ ಹತ್ತಕ್ಕೆ ಬನ್ನಿ. ಕೂರುವಾಗ ಧೊಪ್ಪನೆ ಬೀಳದೆ ನಿಧಾನವಾಗಿ ಇಳಿಯಬೇಕು, ಇಳಿಯುವಾಗಲೂ ತೊಡೆ ದುಡಿಯುತ್ತದೆ.

ಎರಡನೆಯದಕ್ಕೆ ಕಾಸರಕೋಡಿನ ಕಡಲ ದಂಡೆಯಿಂದ ತಂದ ಒಣಮರಳನ್ನು ಹಳೆಯ ಸೀರೆಯ ತುಂಡಿನಲ್ಲಿ ಅರ್ಧ ಕಿಲೋ ತೂಗಿ, ಎರಡು ಕಡೆ ಕಟ್ಟುದಾರ ಬಿಟ್ಟು ಹೊಲಿದೆ. ಅದನ್ನು ಕಣಕಾಲಿಗೆ ಸಡಿಲವಾಗಿ ಕಟ್ಟಿ, ಕುಳಿತಲ್ಲೇ ಮೊಣಕಾಲು ನೇರವಾಗುವಂತೆ ಕಾಲೆತ್ತಿ, ಮೂರು ಎಣಿಸುವವರೆಗೆ ಹಿಡಿದು ಇಳಿಸಬೇಕು. ಒಂದೊಂದು ಕಾಲಿಗೆ ಹತ್ತು. ಎಣಿಕೆ ಬಾಯಿಬಿಟ್ಟು ಆಗಲಿ, ಆಗ ಉಸಿರು ಕಟ್ಟುವುದಿಲ್ಲ. ಸಕ್ಕರೆ ಕಾಯಿಲೆಯವರ ಪಾದಕ್ಕೆ ಸ್ಪರ್ಶ ಕಡಿಮೆ. ಕಟ್ಟು ಬಿಚ್ಚಿದ ಮೇಲೆ ಚರ್ಮ ಕೆಂಪಾಗಿದೆಯೇ ನೋಡಿ.

ಮೂರನೆಯದು ಜಗಲಿಯ ಕಂಬ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು. ಕೊನೆಗೆ ಹತ್ತು ನಿಮಿಷ ಅಂಗಳದಲ್ಲಿ ನಡಿಗೆ, ಮಳೆಗಾಲದಲ್ಲಿ ಜಗಲಿಯ ಉದ್ದಕ್ಕೆ. ಪಾಚಿ ಹಿಡಿದ ಅಂಗಳಕ್ಕೆ ಇಳಿಸಬೇಡಿ. ಇವರ ಮೂಳೆಗಳೂ ದುರ್ಬಲ, ಒಂದು ಬಿದ್ದ ಪೆಟ್ಟು ಆರು ತಿಂಗಳ ಶ್ರಮವನ್ನು ತಿಂದುಹಾಕುತ್ತದೆ. ನಡೆಯುವಾಗ ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ವೇಗ ಸಾಕು.

ಫಿಸ್ಟುಲಾ ಇರುವ ಕೈಯಲ್ಲಿ ಭಾರ ಎತ್ತಿಸಬೇಡಿ. ಆ ಕೈಯಲ್ಲಿ ಚೆಂಡು ಹಿಸುಕುವುದಕ್ಕೂ ವೈದ್ಯರ ಒಪ್ಪಿಗೆ ಬೇಕು. ಇನ್ನೊಂದು ಕೈಗೆ ಅರ್ಧ ಲೀಟರ್ ನೀರಿನ ಬಾಟಲಿ ಸಾಕು. ಡಯಾಲಿಸಿಸ್ ನಡೆಯುತ್ತಿರುವಾಗಲೇ ಮಲಗಿದಲ್ಲಿ ಪೆಡಲ್ ತುಳಿಸುವ ಪದ್ಧತಿ ಅನೇಕ ಕಡೆ ಇದೆ. ಅದನ್ನು ಮೊದಲ ಎರಡು ಗಂಟೆಯೊಳಗೆ ಮಾಡಿಸುತ್ತಾರೆ, ಏಕೆಂದರೆ ಆಮೇಲೆ ಒತ್ತಡ ಇಳಿಯತೊಡಗುತ್ತದೆ. ಪೆಡಲ್ ಇಲ್ಲದಿದ್ದರೆ ಸಿಬ್ಬಂದಿಯನ್ನು ಕೇಳಿ, ಸೂಜಿಯಿರುವ ಕೈ ಅಲುಗದಂತೆ ಪಾದವನ್ನು ಮೇಲೆ ಕೆಳಗೆ ಆಡಿಸಿ.

ಪುಡಿ, ಚೂರ್ಣ, ಟಾನಿಕ್

ಜಿಮ್‌ನವರು ಕುಡಿಯುವ ಪ್ರೋಟೀನ್ ಪುಡಿಯಲ್ಲಿ ಪೊಟ್ಯಾಶಿಯಂ, ರಂಜಕ ಎಷ್ಟಿದೆ ಎಂದು ನೋಡದೆ ತರಬೇಡಿ. ಡಯಾಲಿಸಿಸ್ ರೋಗಿಗಳಿಗೆಂದೇ ತಯಾರಾದ ಪುಡಿಗಳಿವೆ, ಊಟದಿಂದ ಲೆಕ್ಕ ತುಂಬದಿದ್ದರೆ ವೈದ್ಯರು ಬರೆದುಕೊಡುತ್ತಾರೆ. ‘ಕಿಡ್ನಿ ಸರಿಮಾಡುವ’ ಬೇರು, ಭಸ್ಮಗಳಿಗೆ ಹಣ ಸುರಿಯಬೇಡಿ. ಆ ಹಣದಲ್ಲಿ ತಿಂಗಳಿಡೀ ಮೊಟ್ಟೆ, ಪನೀರ್ ಬರುತ್ತದೆ.

ಊಟ ಒಂದು ವಾರ ಅರ್ಧಕ್ಕಿಳಿದರೆ, ಕುರ್ಚಿಯಿಂದ ಏಳುವುದು ಇದ್ದಕ್ಕಿದ್ದಂತೆ ಆಗದಿದ್ದರೆ, ಒಂದು ಸಲವಾದರೂ ಬಿದ್ದರೆ ಮುಂದಿನ ಸರದಿಯವರೆಗೆ ಕಾಯಬೇಡಿ. ಕಾಲುಗಳ ಬಲ ಒಮ್ಮೆಲೇ ಕುಸಿಯುವುದು ಪೊಟ್ಯಾಶಿಯಂ ಏರಿದ ಲಕ್ಷಣವೂ ಆಗಿರಬಹುದು. ಅಂಥ ಹೊತ್ತಿನಲ್ಲಿ ನೇರವಾಗಿ ತುರ್ತು ವಿಭಾಗಕ್ಕೆ ಹೋಗಿ.

ಆಯಿಯ ನೋಟುಪುಸ್ತಕದಲ್ಲಿ ಮೊದಲ ಎರಡು ತಿಂಗಳು ಏನೂ ಬದಲಾಗಿರಲಿಲ್ಲ. ಮೂರನೆಯ ತಿಂಗಳಿಗೆ 24 ಸೆಕೆಂಡ್ 20ಕ್ಕೆ ಇಳಿಯಿತು. ಎಂಟನೆಯ ತಿಂಗಳಿಗೆ 15. ಮೀನಖಂಡ 28.5ರಿಂದ 29.5ಕ್ಕೆ ಬಂದಿದೆ. ವೈದ್ಯರು ಡ್ರೈ ವೇಟನ್ನು ಮತ್ತೆ ಒಂದು ಕಿಲೋ ಏರಿಸಿ 49.5 ಮಾಡಿದ್ದಾರೆ, ಈ ಬಾರಿ ಬಾವಿಲ್ಲದ ಕಾಲನ್ನು ಒತ್ತಿ ನೋಡಿಯೇ. ಕ್ರಿಯಾಟಿನಿನ್ 7.6ಕ್ಕೆ ಏರಿದೆ. ಅದನ್ನು ಓದಿ ಹೇಳಿದಾಗ ಆಯಿ, “ಏರಿದ್ದಕ್ಕೂ ಇಡಗುಂಜಿಗೆ ಹೋಗಬೇಕೇ?” ಎಂದು ಕೇಳಿದಳು. ಮುಂದಿನ ಅಳತೆ ಬರುವ ತಿಂಗಳ ಮೊದಲ ಮಂಗಳವಾರ.